ನೆಲದಡಿಯ ನೀರು ಯಾರ ಸೊತ್ತು?

ಕೋಟೆಯಿದ್ದ ಊರಿಗೆ ಸುರಂಗದ ಕಥೆ ಇಲ್ಲದೆ ಇರುವುದಿಲ್ಲ. ಬೀದರದ ಕೋಟೆಯಿಂದ ಭಾಲ್ಕಿಯ ಕೋಟೆಗೆ ನೆಲದೊಳಗೇ ಹಾದಿಯಿದೆಯಂತೆ, ಕುದುರೆ ಹತ್ತಿ ಹೋಗಬಹುದಂತೆ, ನಡುವೆ ಎಲ್ಲಿಯೋ ಏಳು ಕೊಪ್ಪರಿಗೆ ಹೊನ್ನು ಹೂತಿದೆಯಂತೆ! ಇಂಥ ‘ಅಂತೆ’ಗಳನ್ನು ಕೇಳದೆ ಬೆಳೆದವರು ಕೋಟೆಯೂರುಗಳಲ್ಲಿ ಕಡಿಮೆ. ಈ ಮಾತುಗಳನ್ನು ನಂಬಿ ಹಳೆಯ ಗುಡಿ, ಗೋರಿ, ಬುರುಜುಗಳ ತಳ ಅಗೆದು ಕೆಡಿಸಿದವರಿಗೂ ನಮ್ಮ ನಾಡಿನಲ್ಲಿ ಬರವಿಲ್ಲ. ಹೊನ್ನು ಸಿಕ್ಕಿತೋ ಇಲ್ಲವೋ, ಕಟ್ಟಡವಂತೂ ಹೋಯಿತು.

ಬೀದರದ ನೆಲದಡಿ ಸುರಂಗಗಳು ಇರುವುದು ನಿಜ. ಹೊನ್ನಿನ ಮಾತು, ಓಡಿಹೋದ ರಾಜನ ಮಾತು ಕಟ್ಟುಕಥೆ. ಈ ಸುರಂಗಗಳು ಹೊತ್ತದ್ದು ನೀರನ್ನು. ಗುಲಬರ್ಗಾದಲ್ಲಿದ್ದ ಬಹಮನಿ ರಾಜಧಾನಿಯನ್ನು ಅಹಮದ್ ಶಹಾ ಬೀದರಕ್ಕೆ ತಂದದ್ದು ೧೫ನೆಯ ಶತಮಾನದ ಮೊದಲ ಭಾಗದಲ್ಲಿ. ಅವನು ಆಳಿದ್ದು ೧೪೨೨ರಿಂದ ೧೪೩೬ರ ವರೆಗೆ. ರಾಜಧಾನಿ ಬಂದಮೇಲೆ ಸೈನ್ಯ ಬಂತು, ಪೇಟೆ ಬಂತು, ಕುಶಲಕರ್ಮಿಗಳು ಬಂದರು, ಕುದುರೆ ಎತ್ತುಗಳು ಬಂದವು. ಇವರಿಗೆಲ್ಲ ನೀರು ಎಲ್ಲಿಂದ? ಊರಿರುವುದು ಸಮುದ್ರಮಟ್ಟಕ್ಕಿಂತ ೨,೦೦೦ ಅಡಿಗೂ ಮಿಕ್ಕಿದ ಎತ್ತರದ ದಿಣ್ಣೆಯ ಮೇಲೆ. ಮಾಂಜ್ರಾ ನದಿ ಹರಿಯುವುದು ದೂರದ ತಗ್ಗಿನಲ್ಲಿ. ಈ ಪ್ರಶ್ನೆಗೆ ಆ ಕಾಲದವರು ಕಂಡುಕೊಂಡ ಉತ್ತರವೇ ಕರೇಜ್. ಜನ ಇದನ್ನು ಸುರಂಗ ಬಾವಿ ಎಂದೂ ಕರೆಯುತ್ತಾರೆ.

ಬೇಸಗೆಯಲ್ಲಿ ಕೊಡ ಸಾಲಿಟ್ಟು ಟ್ಯಾಂಕರಿನ ದಾರಿ ಕಾಯುವ ಗಿರಣಿ ಕಾರ್ಮಿಕನಿಗೆ, ಕಿರಾಣಿ ಅಂಗಡಿಯವನಿಗೆ ಈ ಹಳೆಯ ಸಂಗತಿ ಏಕೆ ಬೇಕು? ಅದು ಪಂಡಿತರ ಕೆಲಸ, ಪ್ರವಾಸಿಗಳ ಶೋಕಿ ಎಂದು ಕೆಲವರು ಹೇಳಿಯಾರು. ಟ್ಯಾಂಕರಿನ ದಾರಿ ಕಾಯುವವನಿಗೇ ಇದು ಎಲ್ಲರಿಗಿಂತ ಹೆಚ್ಚು ಬೇಕು ಎಂಬುದು ನಮ್ಮ ವಾದ. ಏಕೆಂದರೆ ಈ ಸುರಂಗಗಳ ಪ್ರಶ್ನೆ, ಕೊನೆಗೆ, ನೆಲದಡಿಯ ನೀರು ಯಾರ ಸೊತ್ತು ಎಂಬ ಪ್ರಶ್ನೆಯೇ ಆಗಿದೆ.

ಮೊದಲು ಈ ಕರೇಜ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯೋಣ. ದಿಣ್ಣೆಯ ಎತ್ತರದ ಭಾಗದಲ್ಲಿ, ನೆಲದೊಳಗೆ ನೀರಿನ ಸೆಲೆ ಖಚಿತವಾಗಿರುವ ಕಡೆ ಒಂದು ಆಳವಾದ ಬಾವಿ. ಇದು ತಾಯಿಬಾವಿ. ಅಲ್ಲಿಂದ ತಗ್ಗಿನ ಕಡೆಗೆ ನೆಲದೊಳಗೇ ಒಂದು ಸುರಂಗ. ಸುರಂಗದ ಇಳಿಜಾರು ಬಹಳ ಕಡಿಮೆ. ನೀರು ನಿಲ್ಲಬಾರದು, ರಭಸದಿಂದ ಹರಿದು ತಳವನ್ನು ಕೊರೆಯಲೂ ಬಾರದು. ಮೇಲಿನ ನೆಲ ಸುರಂಗಕ್ಕಿಂತ ಬೇಗ ಇಳಿಯುವುದರಿಂದ ಮುಂದೆ ಒಂದು ಕಡೆ ಸುರಂಗ ತಾನಾಗಿಯೇ ಬಯಲಿಗೆ ಬಂದು ಬಾಯಿ ತೆರೆಯುತ್ತದೆ. ಅಲ್ಲಿ ನೀರು ಹಗಲೂ ರಾತ್ರಿ ಹರಿಯುತ್ತದೆ. ಏತವಿಲ್ಲ, ಕಪಿಲೆಯಿಲ್ಲ, ಎತ್ತಿಲ್ಲ, ಇಂದಿನ ಮಾತಿನಲ್ಲಿ ಹೇಳುವುದಾದರೆ ಪಂಪಿಲ್ಲ, ಕರೆಂಟಿಲ್ಲ. ಸುರಂಗದ ಉದ್ದಕ್ಕೂ ನಡುನಡುವೆ ಮೇಲಿನಿಂದ ನೇರ ಇಳಿದ ಗಾಳಿಬಾವಿಗಳು. ಅಗೆದ ಮಣ್ಣು ಕಲ್ಲು ಮೇಲೆತ್ತುವುದು, ಒಳಗಿದ್ದ ಆಳಿಗೆ ಗಾಳಿ ಬೆಳಕು ಕೊಡುವುದು, ಮುಂದೆ ಹೂಳು ತೆಗೆಯಲು ಇಳಿಯುವುದು, ಇಷ್ಟೂ ಈ ಗಾಳಿಬಾವಿಗಳ ಕೆಲಸ. ಮೇಲೆ ವಾಸಿಸುವವರು ಅದೇ ಗಾಳಿಬಾವಿಗೆ ಹಗ್ಗ ಬಿಟ್ಟು ಕೊಡ ತುಂಬಿಕೊಳ್ಳಲೂ ಬಹುದಿತ್ತು.

ಬೀದರದಲ್ಲಿ ಇಂಥ ಮುಖ್ಯ ವ್ಯವಸ್ಥೆಗಳು ಮೂರು ತಿಳಿದುಬಂದಿವೆ. ನೌಬಾದದ ಕರೇಜ್ ಒಂದು. ಅದರ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು, ಗಾಳಿಬಾವಿಗಳು ೨೦ಕ್ಕೂ ಮೇಲ್ಪಟ್ಟು. ಶುಕ್ಲತೀರ್ಥದ ಕರೇಜ್ ಎಲ್ಲಕ್ಕಿಂತ ಉದ್ದವಾದದ್ದು. ಅದರ ತಾಯಿಬಾವಿ ಗೋರನಳ್ಳಿಯ ಹಳೆಯ ಕೆರೆಯ ಬಳಿ ಇದೆ. ಮೂರನೆಯದು ಜಮನಾ ಮೋರಿ. ಇದು ಹಳೆಯ ಊರಿನ ಗಲ್ಲಿಗಳ ಅಡಿಯಲ್ಲಿ ಕವಲೊಡೆದು ನೀರನ್ನು ಹಂಚುವ ಜಾಲ. ಅಂದರೆ ಒಂದು ನೀರನ್ನು ಹುಡುಕಿ ತರುವುದು, ಇನ್ನೊಂದು ಬಂದ ನೀರನ್ನು ಹಂಚುವುದು. ಇಂದು ಜಲಮಂಡಳಿ ಮಾಡುವ ಎರಡೂ ಕೆಲಸಗಳನ್ನು ಅಂದು ಕಲ್ಲು ಮಣ್ಣಿನಲ್ಲಿಯೇ ಮಾಡಿ ಮುಗಿಸಿದ್ದರು.

ಇದು ಬೀದರದಲ್ಲಿ ಸಾಧ್ಯವಾದುದಕ್ಕೆ ಕಾರಣ ಇಲ್ಲಿಯ ನೆಲ. ಬೀದರದ ದಿಣ್ಣೆಯ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಹೊದಿಕೆಯಿದೆ. ಅದರ ಕೆಳಗೆ ದಖನ್ನಿನ ಕರಿಕಲ್ಲಿನ ಹಾಸು. ಜಂಬಿಟ್ಟಿಗೆ ತೂತು ತೂತಾದ ಕಲ್ಲು. ಬಿದ್ದ ಮಳೆಯನ್ನು ಹೀರಿ ಕೆಳಗೆ ಬಿಡುತ್ತದೆ. ಕರಿಕಲ್ಲು ಅಷ್ಟು ಸುಲಭವಾಗಿ ನೀರು ಬಿಡದು. ಹೀಗಾಗಿ ಇಳಿದ ನೀರು ಎರಡರ ನಡುವೆ ತಂಗುತ್ತದೆ, ದಿಣ್ಣೆಯ ಅಂಚಿನಲ್ಲಿ ಸಂದು ಸಿಕ್ಕಲ್ಲಿ ಝರಿಯಾಗಿ ಹೊರಬೀಳುತ್ತದೆ. ಅಲ್ಲದೆ ಜಂಬಿಟ್ಟಿಗೆ ಹೊಸದಾಗಿ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಕೋಟೆಯ ಸುತ್ತಲಿನ ಮೂರು ಸುತ್ತಿನ ಕಂದಕವನ್ನು ಬಂಡೆಯಲ್ಲಿಯೇ ಕಡಿಯಲು ಆದದ್ದು ಇದರಿಂದಲೇ. ಸುರಂಗ ತೋಡಲು ಆದದ್ದೂ ಇದರಿಂದಲೇ.

ಊರಿನ ಮೂರು ಪವಿತ್ರ ಸ್ಥಳಗಳನ್ನು ನೋಡಿರಿ. ನರಸಿಂಹ ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುತ್ತಾರೆ. ಪಾಪನಾಶದಲ್ಲಿ ಶಿವನ ಗುಡಿಯ ಬಳಿ ನೀರಿನ ಕುಂಡವಿದೆ. ನಾನಕ ಝಿರಾದಲ್ಲಿ, ೧೬ನೆಯ ಶತಮಾನದ ಆರಂಭದಲ್ಲಿ ಗುರು ನಾನಕರು ಬಂದಾಗ ಸಿಹಿನೀರು ಚಿಮ್ಮಿತೆಂದು ಸಿಖ್ಖರು ನಂಬುತ್ತಾರೆ. ಇದರ ಜೊತೆಗೆ ಮುಸಲ್ಮಾನ ಅರಸರ ಕಾಲದ ಕರೇಜ್. ಮೇಲೆ ಹೆಸರು ಬೇರೆ, ಪೂಜೆ ಬೇರೆ. ಕೆಳಗೆ ಕೆಂಪು ಕಲ್ಲು ಒಂದೇ, ಅದರಲ್ಲಿ ತಂಗಿದ ಮಳೆಯೂ ಒಂದೇ. ಊರನ್ನು ಜಾತಿ ಮತದ ಹೆಸರಿನಲ್ಲಿ ಒಡೆಯಲು ಬರುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ. ದಿಣ್ಣೆಯ ಮೇಲಿನ ನೀರು ಬತ್ತಿದರೆ ಮೂರು ಮತದವರ ತೀರ್ಥವೂ ಬತ್ತೀತು.

ಇನ್ನು ಈ ಕೆಲಸ ಮಾಡಿದವರು ಯಾರು? ಚರಿತ್ರೆಯ ಪುಸ್ತಕದಲ್ಲಿ ಸುಲ್ತಾನನ ಹೆಸರಿದೆ. ಪರ್ಶಿಯಾದಿಂದ ಬಂದ ವಿದ್ಯೆ ಎಂಬ ಮಾತಿದೆ. ಅದು ನಿಜವೇ; ಬಹಮನಿ ದರಬಾರಿಗೆ ಇರಾನಿನಿಂದ ಪಂಡಿತರು, ವರ್ತಕರು, ಶಿಲ್ಪಿಗಳು ಬರುತ್ತಿದ್ದರು. ಮಹಮೂದ್ ಗವಾನನೂ ಇರಾನಿನ ಗಿಲಾನ್ ಪ್ರಾಂತದಿಂದ ಬಂದ ವರ್ತಕನೇ. ೧೪೭೨ರಲ್ಲಿ ಅವನು ಮುಗಿಸಿದ ಮದರಸಾ ಇಂದಿಗೂ ಊರಿನ ನಡುವೆ ನಿಂತಿದೆ. ಇರಾನಿನಲ್ಲಿ ಈ ಸುರಂಗಗಳಿಗೆ ಕನಾತ್ ಎಂದು ಹೆಸರು, ತೋಡುವವನು ಮುಕನ್ನಿ. ಅಲ್ಲಿಯ ಗೊನಾಬಾದಿನ ಕನಾತಿನ ಉದ್ದ ಸುಮಾರು ೩೩ ಕಿಲೋಮೀಟರು. ೨೦೧೬ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೋ ಇರಾನಿನ ೧೧ ಕನಾತುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದಖನ್ನಿನ ಸುತ್ತಮುತ್ತಲೂ ಈ ವಿದ್ಯೆ ಹಬ್ಬಿತು. ಗುಲಾಮನಾಗಿ ಮಾರಲ್ಪಟ್ಟು ಬಂದು ನಾಡನ್ನೇ ಆಳಿದ ಹಬಶಿ ಮಲಿಕ್ ಅಂಬರನು ಮುಂದೆ ಔರಂಗಾಬಾದ್ ಎನಿಸಿದ ಊರಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತಂದನು. ಬುರ್ಹಾನಪುರದ ಸುರಂಗ ಬಾವಿಗಳನ್ನು ೧೬೧೫ರಲ್ಲಿ ತೋಡಿಸಿದರು. ವಿಜಾಪುರದಲ್ಲಿಯೂ ಸುರಂಗ ಬಾವಡಿ ಉಂಟು.

ವಿದ್ಯೆ ಪರ್ಶಿಯಾದ್ದಾಗಲಿ, ಅಪ್ಪಣೆ ಸುಲ್ತಾನನದಾಗಲಿ. ಗುದ್ದಲಿ ಹಿಡಿದ ಕೈ ಯಾರದು? ಬಗ್ಗಿ ನಡೆಯುವ ಕತ್ತಲೆಯಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ, ಮೇಲಿನ ಕಲ್ಲು ಯಾವಾಗ ಕುಸಿದೀತೋ ಎಂಬ ಭಯದಲ್ಲಿ ಮೊಳ ಮೊಳ ಅಗೆದವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ಅವರಲ್ಲಿ ಓದು ಬರಹ ಬಲ್ಲವರು ಎಷ್ಟು ಮಂದಿಯೋ. ಆದರೆ ಎರಡು ಕಿಲೋಮೀಟರು ದೂರಕ್ಕೆ ಇಳಿಜಾರು ತಪ್ಪದಂತೆ ಸುರಂಗ ಒಯ್ಯುವುದು, ಎರಡು ಕಡೆಯಿಂದ ಅಗೆಯುತ್ತ ಬಂದು ನೆಲದೊಳಗೆ ಒಂದೇ ಜಾಗದಲ್ಲಿ ಕೂಡುವುದು, ಇದು ಲೆಕ್ಕ ತಿಳಿಯದವರಿಗೆ ಸಾಧ್ಯವೇ? ಬಿದರಿ ಕೆಲಸದ ಕುಶಲಕರ್ಮಿ ಕೋಟೆಯ ಮಣ್ಣಿನ ಗುಣವನ್ನು ಬಲ್ಲಂತೆ ಇವರು ಕಲ್ಲಿನ ಗುಣವನ್ನು ಬಲ್ಲವರಾಗಿದ್ದರು. ದುಡಿಯುವವನಿಗೆ ಬುದ್ಧಿಯಿಲ್ಲ, ಬುದ್ಧಿಯೆಲ್ಲ ಮೇಜಿನ ಹಿಂದೆ ಕೂತವನದು ಎಂಬ ಅಹಂಕಾರಕ್ಕೆ ನೌಬಾದದ ನೆಲದಡಿಯೇ ಉತ್ತರವಿದೆ.

ಇದು ಸತ್ತುಹೋದ ವಿದ್ಯೆಯೇನೂ ಅಲ್ಲ. ನಮ್ಮ ಕನ್ನಡ ನಾಡಿನ ಇನ್ನೊಂದು ತುದಿಗೆ, ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಿಗೆ ಹೋದರೆ ರೈತರ ಹಿತ್ತಲಲ್ಲಿಯೇ ಸುರಂಗಗಳಿವೆ. ಅಲ್ಲಿಯೂ ಜಂಬಿಟ್ಟಿಗೆಯೇ, ಅವರು ಮುರಕಲ್ಲು ಎನ್ನುತ್ತಾರೆ. ಅಲ್ಲಿ ಸುಲ್ತಾನನ ಅಪ್ಪಣೆಯಿಲ್ಲ, ಖಜಾನೆಯ ಹಣವಿಲ್ಲ. ಒಂದೊಂದು ಮನೆಯವರು, ನಾಲ್ಕಾರು ಕೂಲಿಯಾಳುಗಳು ಗುಡ್ಡದ ಮೈಗೆ ಅಡ್ಡಲಾಗಿ ಅಗೆದು ನೀರು ತೆಗೆದಿದ್ದಾರೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ತೋಟದ ಕೂಲಿ. ಅಡಿಕೆ ತೆಂಗಿನ ಮರ ಹತ್ತಿ ಬದುಕಿದವರು. ಭೂಮಾಲೀಕರೊಬ್ಬರು ಕೊಟ್ಟ ಬೋಳುಗುಡ್ಡದ ತುಂಡು ನೆಲದಲ್ಲಿ, ದಿನದ ಕೂಲಿ ಮುಗಿಸಿ ಬಂದು, ಒಬ್ಬರೇ ಸುರಂಗ ಅಗೆದರು. ಮೊದಲಿನ ಹಲವು ಸುರಂಗಗಳು ಒಣಗಿಯೇ ಉಳಿದವು. ಜನ ನಕ್ಕರು. ಅವರು ಮತ್ತೆ ಅಗೆದರು, ನೀರು ಬಂತು, ಬೋಳುಗುಡ್ಡ ತೋಟವಾಯಿತು. ೨೦೨೨ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ೬೦೦ ವರ್ಷಗಳ ಹಿಂದಿನ ಬೀದರದ ಅಗೆಯುವವರಿಗೆ ಸಲ್ಲದ ಮಾನ ಅವರ ವೃತ್ತಿಬಂಧುವೊಬ್ಬರಿಗೆ ಈಗ ಸಂದಂತಾಯಿತು ಎಂದು ನಾವು ತಿಳಿಯಬಹುದು.

ಬೀದರದ ಸುರಂಗಗಳಿಗೆ ಏನಾಯಿತು? ರಾಜ್ಯಗಳು ಬದಲಾದವು. ಬಹಮನಿಗಳು ಹೋಗಿ ಬರೀದಶಾಹಿ, ಅದರ ಮೇಲೆ ೧೬೧೯ರಲ್ಲಿ ಆದಿಲಶಾಹಿ, ೧೬೫೭ರಲ್ಲಿ ಔರಂಗಜೇಬ, ಆಮೇಲೆ ನಿಜಾಮ. ೧೯೪೮ರಲ್ಲಿ ನಿಜಾಮಶಾಹಿ ಮುಗಿಯಿತು. ೧೯೫೬ರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿತು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕಾಯುವ ಪದ್ಧತಿ ಎಲ್ಲೋ ನಡುವೆ ತಪ್ಪಿಹೋಯಿತು. ನಲ್ಲಿ ಬಂತು, ಸುರಂಗ ಮರೆತುಹೋಯಿತು. ಕೊಳವೆಬಾವಿ ಬಂತು, ತೆರೆದ ಬಾವಿಯೂ ಮರೆತುಹೋಯಿತು. ಗಾಳಿಬಾವಿಗಳು ಕಸದ ಗುಂಡಿಗಳಾದವು. ಕೆಲವು ಮಣ್ಣು ತುಂಬಿ ಮುಚ್ಚಿಹೋದವು. ಊರು ಬೆಳೆದಂತೆ ನಿವೇಶನದ ಗೆರೆ ಎಳೆದವರಿಗೆ ನೆಲದ ಮೇಲಿನ ಅಳತೆ ಗೊತ್ತಿತ್ತು, ನೆಲದ ಕೆಳಗೆ ಏನಿದೆ ಎಂಬುದರ ಗೊಡವೆ ಇರಲಿಲ್ಲ. ಒಳಚರಂಡಿಗೆ ಅಗೆಯುವಾಗ ಹಳೆಯ ಕಾಲುವೆಯ ಎಳೆ ಅಕಸ್ಮಾತ್ತಾಗಿ ಕಂಡದ್ದೂ ಉಂಟು. ನಮ್ಮ ಊರಿನ ನಕ್ಷೆ ನಮಗೇ ಗೊತ್ತಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ಮರೆವಿನಿಂದ ಸುರಂಗಗಳನ್ನು ಮೇಲೆತ್ತಿದವರ ಹೆಸರು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಕೇರಳದ ಚಿತ್ತೂರಿನ ಸರಕಾರಿ ಕಾಲೇಜಿನ ಭೂಗೋಳದ ಅಧ್ಯಾಪಕ ವಳ್ಳಿಯಿಲ್ ಗೋವಿಂದನ್‌ಕುಟ್ಟಿಯವರು ೨೦೧೨ರಿಂದ ಈ ಸುರಂಗಗಳನ್ನು ಹುಡುಕಿ ಅಳೆದು ನಕ್ಷೆ ಮಾಡಿದರು. ಬೀದರದ ತರುಣರ ಟೀಮ್ ಯುವಾ ಕೈಗೂಡಿಸಿತು. ಜಿಲ್ಲಾಡಳಿತವೂ ಕಣ್ಣು ತೆರೆಯಿತು; ನೌಬಾದದಲ್ಲಿ ಹೂಳು ತೆಗೆಯುವ, ಗಾಳಿಬಾವಿಗಳನ್ನು ಬಿಡಿಸುವ ಕೆಲಸ ನಡೆಯಿತು. ೨೦೧೬ರ ಬರಗಾಲದಲ್ಲಿ ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿಯವರು ಜಿಲ್ಲೆಯಲ್ಲಿ ೧೦೦ಕ್ಕೂ ಹೆಚ್ಚು ಕೆರೆಗಳ ಹೂಳೆತ್ತಿಸಿದರು, ತೆರೆದ ಬಾವಿಗಳನ್ನು ಸ್ವಚ್ಛ ಮಾಡಿಸಿದರು. ಅವರು ೨೦೧೭ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಒಳ್ಳೆಯ ಅಧಿಕಾರಿಯ ನೆನಪು ಊರಿನಲ್ಲಿರಬೇಕು. ಆದರೆ ಒಬ್ಬ ಅಧಿಕಾರಿ ಇರುವಷ್ಟು ದಿನ ನಡೆದು, ಅವನ ಬದಲಿಯೊಡನೆ ನಿಲ್ಲುವ ಕೆಲಸವನ್ನು ಜನ ನೆಚ್ಚಿಕೊಳ್ಳಲಾಗದು. ಅಧಿಕಾರಿಗೆ ವರ್ಗವಾಗುತ್ತದೆ, ಜನರಿಗೆ ವರ್ಗವಿಲ್ಲ.

ಆ ೨೦೧೬ರ ವರ್ಷವನ್ನು ನೆನೆಯಿರಿ. ಭಾಲ್ಕಿಯ ರೈಲುಹಾದಿಯಲ್ಲಿಯೇ ಮುಂದೆ ಹೋದರೆ ಸಿಗುವ ಲಾತೂರಿಗೆ ಕುಡಿಯುವ ನೀರನ್ನು ಮೀರಜಿನಿಂದ ರೈಲಿನಲ್ಲಿ ತರಬೇಕಾಯಿತು. ಏಪ್ರಿಲ್ ೧೨ರಂದು ಮೊದಲ ರೈಲು ೫ ಲಕ್ಷ ಲೀಟರು ನೀರು ಹೊತ್ತು ಬಂತು. ಅದೇ ಮಾಂಜ್ರಾ ನದಿಯ ಕೆಳದಂಡೆಯಲ್ಲಿ ಇರುವವರು ನಾವು. ಮೇಲೆ ಬತ್ತಿದ ನದಿ ಭಾಲ್ಕಿ, ಔರಾದಕ್ಕೆ ತುಂಬಿ ಬರುವುದುಂಟೆ? ನೆರೆಮನೆಗೆ ಬಿದ್ದ ಬೆಂಕಿಯನ್ನು ನೋಡಿ ನಮ್ಮ ಮನೆಯ ಬಾವಿಯನ್ನು ನೋಡಿಕೊಳ್ಳದವನು ಜಾಣನಲ್ಲ.

ಈಗ ಮೂಲ ವಿಷಯಕ್ಕೆ ಬರೋಣ. ಕರೇಜಿಗೂ ಕೊಳವೆಬಾವಿಗೂ ಇರುವ ವ್ಯತ್ಯಾಸವೇನು? ನೀರು ತುಂಬಿದ ಕೊಡದ ಹೊಟ್ಟೆಗೆ ನಡುವೆ ಒಂದು ತೂತು ಮಾಡಿದರೆ, ತೂತಿನ ಮಟ್ಟದ ವರೆಗಿನ ನೀರು ಮಾತ್ರ ಹೊರಗೆ ಬರುತ್ತದೆ. ಅದರ ಕೆಳಗಿನದು ಒಳಗೇ ಉಳಿಯುತ್ತದೆ. ಕರೇಜು ಇಂಥದು. ಮಳೆ ಹೆಚ್ಚಾದ ವರ್ಷ ಹೆಚ್ಚು ಕೊಡುತ್ತದೆ, ಕಡಿಮೆಯಾದ ವರ್ಷ ಕಡಿಮೆ ಕೊಡುತ್ತದೆ. ಮೂಲ ಬಂಡವಾಳವನ್ನು ಎಂದೂ ಮುಟ್ಟದು. ಕೊಳವೆಬಾವಿಯಾದರೋ ಕೊಡದ ತಳಕ್ಕೆ ನಳಿಗೆ ಇಳಿಬಿಟ್ಟು ಹೀರಿದ ಹಾಗೆ. ಯಾರ ನಳಿಗೆ ಉದ್ದವೋ ಅವನಿಗೆ ನೀರು. ೨೦೦ ಅಡಿ ಕೊರೆಸಿದವನ ಬಾವಿ ಬತ್ತಬೇಕಾದರೆ ಪಕ್ಕದಲ್ಲಿ ೫೦೦ ಅಡಿ ಕೊರೆಸಬಲ್ಲವನೊಬ್ಬ ಬಂದರಾಯಿತು. ಹಣವಿದ್ದವನು ಆಳಕ್ಕೆ ಹೋಗುತ್ತಾನೆ. ಹಣವಿಲ್ಲದವನು ಬೀದಿಗೆ ಬರುತ್ತಾನೆ. ಆಮೇಲೆ ಆಳಕ್ಕೆ ಹೋದವನು ಬೀದಿಗೆ ಬಂದವನಿಗೆ ಅದೇ ನೀರನ್ನು ಟ್ಯಾಂಕರಿನಲ್ಲಿ ಮಾರುತ್ತಾನೆ! ಚಹದ ಅಂಗಡಿಯವನು, ಖಾನಾವಳಿಯವನು, ದೋಬಿ, ಇವರೆಲ್ಲ ಬೇಸಗೆಯಲ್ಲಿ ಗಳಿಸಿದ್ದರಲ್ಲಿ ಒಂದು ಪಾಲನ್ನು ನೀರಿಗೇ ಸುರಿಯುವುದು ಹೀಗೆ. ಮಳೆ ಎಲ್ಲರ ನೆಲದ ಮೇಲೆ ಬಿತ್ತು, ನೀರು ಒಬ್ಬನ ಮಾಲಾಯಿತು. ಇದು ಯಾವ ನ್ಯಾಯ?

ಕಾನೂನು ಏನು ಹೇಳುತ್ತದೆಂದು ಕೇಳಬಹುದು. ನೆಲದ ಒಡೆಯನಿಗೆ ನೆಲದಡಿಯ ನೀರಿನ ಮೇಲೆ ಹಕ್ಕು ಎಂಬ ಯೋಚನೆಗೆ ತಳಪಾಯವಾಗಿರುವುದು ಬ್ರಿಟಿಷರ ಕಾಲದ ೧೮೮೨ರ ಅನುಭೋಗ ಹಕ್ಕುಗಳ ಕಾಯದೆ. ಆದರೆ ಆ ಕಾಯದೆಯೂ ಒಡೆಯನಿಗೆ ಹೇಳಿದ್ದು ಗೊತ್ತಾದ ಕಾಲುವೆಯಲ್ಲಿ ಹರಿಯದ ನೀರಿನ ವಿಷಯ. ಕರೇಜಿನ ನೀರು ಹರಿಯುವುದು ಮನುಷ್ಯನೇ ತೋಡಿದ, ಅಳತೆಗೆ ಸಿಕ್ಕುವ, ನಕ್ಷೆಯಲ್ಲಿ ಗೆರೆ ಎಳೆಯಬಹುದಾದ ಕಾಲುವೆಯಲ್ಲಿ. ಹಾಗಾದರೆ ಮೇಲಿನ ನಿವೇಶನ ಕೊಂಡವನು ಕೆಳಗಿನ ಕಾಲುವೆಯನ್ನೂ ಕೊಂಡನೆಂದು ಹೇಗೆ ಒಪ್ಪುವುದು? ಕನಾತುಗಳ ನಾಡಿನಲ್ಲಿ ಇದಕ್ಕೊಂದು ಹಳೆಯ ಕಟ್ಟಳೆಯೇ ಇದೆ: ಹರೀಮ್. ಕನಾತಿನ ಸುತ್ತ ಇಂತಿಷ್ಟು ದೂರದೊಳಗೆ ಬೇರೆ ಬಾವಿ ತೋಡಬಾರದು. ನಮ್ಮಲ್ಲಿಯೂ ೨೦೧೧ರ ಕರ್ನಾಟಕ ಅಂತರ್ಜಲ ಕಾಯದೆ ಉಂಟು. ಕೊಳವೆಬಾವಿಗಳಿಗೆ ಅಂಕೆ ಹಾಕುವುದೇ ಅದರ ಉದ್ದೇಶ. ಕಾಯದೆ ಪುಸ್ತಕದಲ್ಲಿರುವುದು ಸಾಲದು, ನೌಬಾದದ ನೆಲದ ಮೇಲೆ ಕಾಣಬೇಕು.

ನಮ್ಮ ವಾದಕ್ಕೆ ಎದುರುವಾದಗಳು ಇಲ್ಲದಿಲ್ಲ. ಅವನ್ನೂ ನೋಡೋಣ.

ಒಂದು: ‘ಕಾರಂಜಾ ಜಲಾಶಯದಿಂದ ನಲ್ಲಿ ನೀರು ಬರುತ್ತದೆ, ಹಳೆಯ ಸುರಂಗ ಈಗಿನ ಊರಿಗೆ ಸಾಲುತ್ತದೆಯೇ?’ ಸಾಲುವುದಿಲ್ಲ, ಸಾಲುತ್ತದೆಂದು ಹೇಳುವವನು ಜನರಿಗೆ ಮೋಸ ಮಾಡುತ್ತಾನೆ. ಬಹಮನಿಗಳ ಕಾಲದ ಊರು ಬೇರೆ, ಲಕ್ಷಗಟ್ಟಲೆ ಜನರ ಇಂದಿನ ಊರು ಬೇರೆ. ಆದರೆ ಜಲಾಶಯವೂ ಮಳೆಯನ್ನೇ ನಂಬಿದೆ. ಬರಗಾಲದಲ್ಲಿ ಅದರ ತಳ ಕಂಡವರು ನಾವು. ನೂರು ರೂಪಾಯಿ ಖರ್ಚಿನ ಮನೆಯಲ್ಲಿ ಹತ್ತು ರೂಪಾಯಿಯ ಗಳಿಕೆ ಸಾಲದೆಂದು ಅದನ್ನು ಚರಂಡಿಗೆ ಚೆಲ್ಲುವವರುಂಟೆ? ಅದಲ್ಲದೆ ಕಾರಂಜಾದ ನೀರು ಪುಕ್ಕಟೆ ಬಂದದ್ದಲ್ಲ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಆ ಅಣೆಕಟ್ಟಿಗೆ ರೈತರು ತಮ್ಮ ಕಪ್ಪು ನೆಲ ಕೊಟ್ಟರು. ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ದೂರದವರ ಹೊಲ ಮುಳುಗಿಸಿ ತಂದ ನೀರನ್ನು ಕುಡಿಯುವ ಊರು ತನ್ನ ಕಾಲಡಿಯ ನೀರನ್ನು ಕಸ ತುಂಬಿ ಕೆಡಿಸುವುದು ಆ ರೈತರಿಗೆ ಮಾಡುವ ಅಪಮಾನ.

ಎರಡು: ‘ಇದು ಬೀದರ ಊರಿನ ಮಾತು, ಭಾಲ್ಕಿ ಔರಾದದವರಿಗೆ ಏನು?’ ಈ ಪ್ರಶ್ನೆ ಸರಿಯಾದದ್ದೇ. ಅಲ್ಲಿ ಬಹುಮಟ್ಟಿಗೆ ಕರಿಕಲ್ಲು, ಎರೆಮಣ್ಣು. ಕರೇಜು ಅಲ್ಲಿ ನಡೆಯದು. ಬೀದರದ ಸುರಂಗವನ್ನು ಔರಾದದಲ್ಲಿ ತೋಡಿರೆಂದು ಯಾರೂ ಹೇಳುವುದಿಲ್ಲ. ಕಲಿಯಬೇಕಾದದ್ದು ಸುರಂಗದ ಆಕಾರವನ್ನಲ್ಲ, ಅದನ್ನು ತೋಡಿದವರ ವಿವೇಕವನ್ನು. ಮೊದಲು ನೆಲ ಹೇಗಿದೆ ಎಂದು ತಿಳಿ, ಆಮೇಲೆ ಅಗೆ, ವರ್ಷದ ಮಳೆ ಕೊಟ್ಟಷ್ಟನ್ನು ಬಳಸು, ಮೂಲಕ್ಕೆ ಕೈ ಹಾಕಬೇಡ, ಬಂದದ್ದನ್ನು ಹಂಚಿಕೊ. ಔರಾದದ ನೆಲಕ್ಕೆ ತಕ್ಕದ್ದು ಕೆರೆ, ತೆರೆದ ಬಾವಿ, ಹೊಲದ ಒಡ್ಡು. ಭಾಲ್ಕಿಯಲ್ಲಿ ಕಬ್ಬು ಹಾಕುವವನು ಎಷ್ಟು ನೀರು ಎತ್ತಬಹುದು, ಪಕ್ಕದ ತೊಗರಿ ಹೊಲದವನ ಬಾವಿಗೆ ಎಷ್ಟು ಉಳಿಯಬೇಕು ಎಂಬುದನ್ನು ಊರು ಕೂತು ಮಾತಾಡಬೇಕು. ಹಂಚುವ ಪ್ರಶ್ನೆ ಕೆಂಪು ಕಲ್ಲಿನಲ್ಲಿಯೂ ಒಂದೇ, ಕರಿಕಲ್ಲಿನಲ್ಲಿಯೂ ಒಂದೇ.

ಮೂರು: ‘ಸುರಂಗಗಳನ್ನು ಚೊಕ್ಕ ಮಾಡಿ ದೀಪ ಹಾಕಿ ಪ್ರವಾಸಿಗಳಿಗೆ ತೋರಿಸಿದರೆ ವ್ಯಾಪಾರ ಬೆಳೆದೀತು.’ ಬೆಳೆಯಲಿ, ಸಣ್ಣ ವ್ಯಾಪಾರಿಗೆ ನಾಲ್ಕು ಕಾಸು ಬಂದರೆ ನಮಗೆ ಸಂತೋಷವೇ. ಆದರೆ ನೀರಿಲ್ಲದ ಕರೇಜು ಬರಿಯ ಗವಿ. ಮೇಲಿನ ತಾಯಿಬಾವಿಯ ಸುತ್ತಲ ನೆಲವನ್ನು ಕಾಂಕ್ರೀಟಿನಿಂದ ಮುಚ್ಚಿ, ಕೆಳಗೆ ಸುರಂಗದ ಬಾಯಿಗೆ ಕಮಾನು ಕಟ್ಟಿ ಬಣ್ಣ ಬಳಿದರೆ ಅದು ಸತ್ತ ಹಸುವಿಗೆ ಗಂಟೆ ಕಟ್ಟಿದ ಹಾಗೆ. ಮೊದಲು ನೀರು, ಆಮೇಲೆ ನೋಟ.

ಆದುದರಿಂದ ಬೇಕಾದುದೇನು? ಮೂರೂ ಕರೇಜುಗಳ ನಕ್ಷೆ ನಗರಾಡಳಿತದ ಗೋಡೆಯ ಮೇಲೆ, ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಇರಬೇಕು. ಪ್ರತಿಯೊಂದು ಗಾಳಿಬಾವಿಗೂ ಸಂಖ್ಯೆ, ಕಟ್ಟೆ, ಮುಚ್ಚಳ ಬೇಕು. ಅದಕ್ಕೆ ಕಸ ಹಾಕುವವನಿಗೆ ದಂಡ ಬೇಕು. ಸುರಂಗದ ಗೆರೆಯ ಮೇಲೆ, ತಾಯಿಬಾವಿಯ ಸುತ್ತಿನಲ್ಲಿ ಹೊಸ ಬಡಾವಣೆಗೆ, ಹೊಸ ಕೊಳವೆಬಾವಿಗೆ ಪರವಾನಗಿ ಕೊಡಬಾರದು. ಗೋರನಳ್ಳಿಯ ಹಳೆಯ ಕೆರೆಯಂಥ ನೀರು ಇಂಗಿಸುವ ಜಾಗಗಳನ್ನು ಮುಟ್ಟಕೂಡದು. ಕೆರೆ ಹೋದರೆ ತಾಯಿಬಾವಿಗೆ ತಾಯಿಯಿಲ್ಲ.

ಇನ್ನೊಂದು ಮಾತನ್ನು ಕಾರ್ಮಿಕ ಬಂಧುಗಳು ಮರೆಯಬಾರದು. ಈ ಸುರಂಗಕ್ಕೆ ಇಳಿದು ಹೂಳು ತೆಗೆಯುವವನು ಯಾರ ಮಗ? ಗುತ್ತೇದಾರನ ಮಗನಲ್ಲ. ಮುಚ್ಚಿದ ಬಾವಿಯಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ, ಕಲ್ಲು ಸಡಿಲಾಗಿರುತ್ತದೆ. ಮೇಲೆ ಚರಂಡಿ ಸೋರಿ ಸುರಂಗಕ್ಕೆ ಸೇರಿದರೆ ಹೂಳೆತ್ತುವ ಕೆಲಸ ಹೊಲಸೆತ್ತುವ ಕೆಲಸವಾಗುತ್ತದೆ. ಮನುಷ್ಯನನ್ನು ಮಲದ ಗುಂಡಿಗೆ ಇಳಿಸುವುದನ್ನು ೨೦೧೩ರ ಕಾಯದೆ ನಿಷೇಧಿಸಿದೆ. ಆದ್ದರಿಂದ ಗಾಳಿ ಪರೀಕ್ಷೆ, ಹಗ್ಗ, ದೀಪ, ಶಿರಸ್ತ್ರಾಣ, ವಿಮೆ, ಕೆಲಸಕ್ಕೆ ತಕ್ಕ ಕೂಲಿ ಇಲ್ಲದೆ ಒಬ್ಬನನ್ನೂ ಒಳಗಿಳಿಸಕೂಡದು. ಆರುನೂರು ವರ್ಷದ ಹಿಂದೆ ಅಗೆದವನ ಹೆಸರು ಉಳಿಯಲಿಲ್ಲ; ಇಂದು ಹೂಳೆತ್ತುವವನ ಹೆಸರು ಹಾಜರಿ ಪುಸ್ತಕದಲ್ಲಿಯಾದರೂ ಇರಲಿ.

ಗಿರಣಿಯ, ಪೇಟೆಯ ಮಿತ್ರರೇ, ಇದಕ್ಕೆ ದೊಡ್ಡ ಸಭೆ, ದೊಡ್ಡ ಮೆರವಣಿಗೆ ಬೇಕಾಗಿಲ್ಲ. ಬೀದರದವರು ಮುಂದಿನ ಸಲ ಮತ ಕೇಳಲು ಬಂದವನನ್ನು ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿ ಎರಡೇ ಪ್ರಶ್ನೆ ಕೇಳಿರಿ: ‘ನಮ್ಮ ವಾರ್ಡಿನ ಅಡಿಯಲ್ಲಿ ಕರೇಜು ಹಾದಿದೆಯೇ? ಅದರ ಗಾಳಿಬಾವಿ ಎಲ್ಲಿದೆ, ನಡೆ, ತೋರಿಸು.’ ಭಾಲ್ಕಿ, ಔರಾದದವರು ತಮ್ಮ ಊರಿನ ತೆರೆದ ಬಾವಿ, ಕೆರೆಗಳ ಪಟ್ಟಿ ಕೇಳಲಿ. ತೋರಿಸಬಲ್ಲವನೊಡನೆ ಉಳಿದ ಮಾತು. ತೋರಿಸಲಾರದವನು ಮೊದಲು ಹೋಗಿ ನೋಡಿ ಬರಲಿ.